ದನದ ಕೊಬ್ಬಿನ ಕೋಶಗಳ ಮೇಲೆ ವಿಟಮಿನ್ ಮತ್ತು ಔಷಧಗಳ ಪರಿಣಾಮವನ್ನು ಪರೀಕ್ಷಿಸುವ ಕ್ರಮ

ಪಶುವೈದ್ಯಕೀಯ ಅಥವಾ ಪಶು ಆಹಾರಶಾಸ್ತ್ರದ ಸ್ನಾತಕೋತ್ತರ ಅಧ್ಯಯನದಲ್ಲಿ ಕೊಬ್ಬಿನ ಕೋಶಗಳ ಬೆಳವಣಿಗೆಯನ್ನು ವಿಷಯವಾಗಿ ಆಯ್ದುಕೊಂಡವರು ಸಾಮಾನ್ಯವಾಗಿ ಮೊದಲು ಕೇಳುವುದು, ಈ ವಿಟಮಿನ್ ಅಥವಾ ಈ ಔಷಧ ದನದ ಕೊಬ್ಬನ್ನು ಹೆಚ್ಚಿಸುತ್ತದೆಯೇ, ತಗ್ಗಿಸುತ್ತದೆಯೇ ಎಂದು. ಪ್ರಶ್ನೆಯನ್ನು ಇಷ್ಟಕ್ಕೇ ಬಿಟ್ಟು ಪ್ರಯೋಗಕ್ಕೆ ಇಳಿದರೆ ಸಿಗುವ ಉತ್ತರ ಯಾವ ಉಪಯೋಗಕ್ಕೂ ಬರುವುದಿಲ್ಲ. ವಿಟಮಿನ್ ಎ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಆಂಗಸ್ ತಳಿಯ ಕರುಗಳಿಗೆ ಹುಟ್ಟಿದಾಗ ಮತ್ತು ಒಂದು ತಿಂಗಳಾದಾಗ 1,50,000 ಅಥವಾ 3,00,000 ಐಯು (ಅಂತರರಾಷ್ಟ್ರೀಯ ಮಾನ) ವಿಟಮಿನ್ ಎ ಚುಚ್ಚುಮದ್ದು ಕೊಟ್ಟು, ಬೆಳೆದ ಮೇಲೆ ಅವುಗಳ ಸ್ನಾಯುವಿನೊಳಗಿನ ಕೊಬ್ಬು ಹೆಚ್ಚಿದ್ದನ್ನು 2018ರಲ್ಲಿ ಪ್ರಕಟಿಸಿದರು. ಜಪಾನಿನ ಕಪ್ಪು ವಾಗ್ಯು ತಳಿಯ ದನ ಸಾಕುವವರು ಅದೇ ಸ್ನಾಯುವಿನೊಳಗಿನ ಕೊಬ್ಬಿಗಾಗಿ ಕೊಬ್ಬಿಸುವ ಅವಧಿಯ ನಡುಭಾಗದಲ್ಲಿ, ಸುಮಾರು 15ನೇ ತಿಂಗಳಿನಿಂದ 22ನೇ ತಿಂಗಳವರೆಗೆ, ಮೇವಿನಲ್ಲಿ ವಿಟಮಿನ್ ಎ ಸಿಗದಂತೆ ಎಚ್ಚರ ವಹಿಸುತ್ತಾರೆ. ಎರಡೂ ನಿಜ, ಎರಡರ ನಡುವೆ ವಿರೋಧವೂ ಇಲ್ಲ. ಯಾವ ವಯಸ್ಸಿನಲ್ಲಿ, ದೇಹದ ಯಾವ ಭಾಗದ ಕೊಬ್ಬಿಗೆ, ಎಷ್ಟು ಪ್ರಮಾಣದಲ್ಲಿ ಎಂಬ ಮೂರನ್ನು ಮೊದಲೇ ಗೊತ್ತುಮಾಡಿಕೊಂಡು, ಪ್ರಯೋಗದ ಪ್ರತಿ ಹಂತವನ್ನೂ ಅವುಗಳ ಸುತ್ತ ಕಟ್ಟುವುದು ಹೇಗೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ತಿಳಿದಿರಬೇಕಾದದ್ದು

ಕೊಬ್ಬು ಎರಡು ರೀತಿಯಲ್ಲಿ ಹೆಚ್ಚುತ್ತದೆ. ಹೊಸ ಕೋಶಗಳು ಹುಟ್ಟಿ ಅವುಗಳ ಸಂಖ್ಯೆ ಏರುವುದು ಒಂದು, ಇರುವ ಕೋಶಗಳೇ ಕೊಬ್ಬು ತುಂಬಿಕೊಂಡು ಹಿಗ್ಗುವುದು ಇನ್ನೊಂದು. ಕರು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಮೂಲಕೋಶಗಳಲ್ಲಿ ಕೆಲವು ಸ್ನಾಯುವಿನ ಕಡೆಗೂ ಕೆಲವು ಕೊಬ್ಬಿನ ಕಡೆಗೂ ಕವಲೊಡೆಯುತ್ತವೆ. ಕೊಬ್ಬಿನ ದಾರಿ ಹಿಡಿದ ಪೂರ್ವಕೋಶಗಳನ್ನು ಝಡ್‌ಎಫ್‌ಪಿ423 ಎಂಬ ಪ್ರೋಟೀನು ಆ ದಾರಿಗೆ ಬದ್ಧಗೊಳಿಸುತ್ತದೆ. ತಕ್ಕ ಪ್ರಚೋದನೆ ಸಿಕ್ಕಾಗ ಅವುಗಳಲ್ಲಿ ಮೊದಲು ಸಿ/ಇಬಿಪಿ-ಬೀಟಾ ಮತ್ತು ಡೆಲ್ಟಾ, ಆನಂತರ ಪಿಪಿಎಆರ್-ಗ್ಯಾಮಾ ಮತ್ತು ಸಿ/ಇಬಿಪಿ-ಆಲ್ಫಾ ಎಂಬ, ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನುಗಳು ಎಚ್ಚರಗೊಂಡು, ಕೋಶವು ಕೊಬ್ಬನ್ನು ಕಟ್ಟುವ ಕಿಣ್ವಗಳನ್ನು ತಯಾರಿಸತೊಡಗುತ್ತದೆ. ಈ ಸರಣಿಯಲ್ಲಿ ವಿಟಮಿನ್ ಅಥವಾ ಔಷಧ ಎಲ್ಲಿ ಬಂದು ತಾಗುತ್ತದೆ ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ.

ದೇಹದ ಎಲ್ಲ ಭಾಗಗಳ ಕೊಬ್ಬೂ ಒಂದೇ ಕಾಲಕ್ಕೆ ಬೆಳೆಯುವುದಿಲ್ಲ. ಮೂತ್ರಪಿಂಡದ ಸುತ್ತಣ ಮತ್ತು ಕರುಳಿನ ಸುತ್ತಣ ಕೊಬ್ಬು ಮೊದಲು, ಚರ್ಮದಡಿಯದು ಆಮೇಲೆ, ಸ್ನಾಯುವಿನೊಳಗಿನದು ಕೊನೆಗೆ. ಇದರ ಜೊತೆಗೆ, ಇಲಿ ಅಥವಾ ಮನುಷ್ಯರ ಕುರಿತ ಬರಹಗಳನ್ನು ಓದಿ ಬಂದವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ದನದ ದೇಹದಲ್ಲಿ ಕೊಬ್ಬಿನಾಮ್ಲಗಳು ಹೆಚ್ಚಾಗಿ ತಯಾರಾಗುವುದು ಯಕೃತ್ತಿನಲ್ಲಲ್ಲ, ಕೊಬ್ಬಿನ ಅಂಗಾಂಶದಲ್ಲೇ. ಅದಕ್ಕೆ ಮುಖ್ಯ ಕಚ್ಚಾವಸ್ತು ಮೊದಲ ಹೊಟ್ಟೆಯಲ್ಲಿ ಹುದುಗಿ ಬರುವ ಅಸಿಟೇಟ್. ಸ್ನಾಯುವಿನೊಳಗಿನ ಕೊಬ್ಬು ಮಾತ್ರ ಗ್ಲುಕೋಸನ್ನು ಚರ್ಮದಡಿಯ ಕೊಬ್ಬಿಗಿಂತ ಹೆಚ್ಚಿನ ಪಾಲಿನಲ್ಲಿ ಬಳಸುತ್ತದೆ. ಆದ್ದರಿಂದ ಪ್ರಯೋಗಾಲಯಗಳಲ್ಲಿ ಬೆಳೆಸುವ ಇಲಿಯ 3ಟಿ3-ಎಲ್1 ಕೋಶಗಳಲ್ಲಿ ಕಂಡ ಫಲಿತಾಂಶವನ್ನು ಊಹೆಗೆ ಆಧಾರವಾಗಿ ಇಟ್ಟುಕೊಳ್ಳಬಹುದೇ ಹೊರತು ದನದ ಬಗ್ಗೆ ತೀರ್ಮಾನವಾಗಿ ಬರೆಯಬಾರದು.

ಅಂಗಾಂಶವನ್ನು ಪಡೆಯುವುದು

ಹೊರದೇಶದ ಪ್ರಯೋಗಾಲಯಗಳು ಕಸಾಯಿಖಾನೆಯಿಂದ ಅಂಗಾಂಶ ತರುತ್ತವೆ. ಕರ್ನಾಟಕದಲ್ಲಿ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯಂತೆ ಹಸು, ಹೋರಿ, ಎತ್ತುಗಳ ವಧೆಗೆ ಅವಕಾಶವಿಲ್ಲ. 13 ವರ್ಷ ಮೀರಿದ ಎಮ್ಮೆ ಕೋಣಗಳನ್ನು ಮಾತ್ರ ಅಧಿಕೃತ ಪ್ರಮಾಣಪತ್ರದೊಂದಿಗೆ ವಧಿಸಬಹುದು. ಅಷ್ಟು ವಯಸ್ಸಾದ ಪ್ರಾಣಿಯ ಪೂರ್ವಕೋಶಗಳು ಎಳೆಯ ಪ್ರಾಣಿಯ ಕೋಶಗಳಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ, ಮೇಲಾಗಿ ಎಮ್ಮೆ ಬೇರೆಯೇ ಜಾತಿ. ಹಸುವಿನ ಕೋಶಗಳೇ ಬೇಕೆಂದಿದ್ದರೆ ಬಾಲದ ಬುಡದ ಪಕ್ಕದಲ್ಲಿ ಸ್ಥಳೀಯ ಅರಿವಳಿಕೆ ಕೊಟ್ಟು ಚರ್ಮದಡಿಯ ಕೊಬ್ಬಿನ ಸಣ್ಣ ತುಣುಕನ್ನು ಬಯಾಪ್ಸಿಯಾಗಿ ತೆಗೆಯುವುದು ಸೂಕ್ತವಾದ ಮಾರ್ಗ. ಇದಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಮುಖಾಂತರ ಕೇಂದ್ರದ ಪ್ರಾಣಿ ಪ್ರಯೋಗ ನಿಯಂತ್ರಣ ಸಮಿತಿಯಾದ ಸಿಸಿಎಸ್‌ಇಎಯ ಒಪ್ಪಿಗೆ ಬೇಕು. ಅರ್ಜಿ, ತಿದ್ದುಪಡಿ, ಸಭೆ ಇವಕ್ಕೆಲ್ಲ ಕಾಲ ಹಿಡಿಯುವುದರಿಂದ ರಾಸಾಯನಿಕಗಳನ್ನು ಕೊಳ್ಳುವ ಮೊದಲೇ ಅರ್ಜಿ ಹಾಕುವುದು ಒಳಿತು.

ತೆಗೆದ ಅಂಗಾಂಶವನ್ನು ಪ್ರತಿಜೀವಕ ಮತ್ತು ಶಿಲೀಂಧ್ರನಾಶಕ ಬೆರೆಸಿದ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಫಾಸ್ಫೇಟ್ ಬಫರಿನಲ್ಲಿ ಹಾಕಿ ಕೂಡಲೇ ಪ್ರಯೋಗಾಲಯಕ್ಕೆ ತರಬೇಕು. ದನದ ಕೊಬ್ಬು ತಂಪಿನಲ್ಲಿ ಬೇಗ ಗಟ್ಟಿಯಾಗುವುದರಿಂದ ಐಸ್ ಮೇಲಿಟ್ಟು ತಂದರೆ ಕತ್ತರಿಸುವುದೂ ಕಷ್ಟ, ಕಿಣ್ವ ಒಳಗಿಳಿಯುವುದೂ ಕಷ್ಟ. ಪ್ರಾಣಿಯ ತಳಿ, ವಯಸ್ಸು, ಲಿಂಗ, ಸೂಲಿನ ಸಂಖ್ಯೆ, ಹಾಲು ಕೊಡುತ್ತಿದೆಯೇ, ಗಬ್ಬವಾಗಿದೆಯೇ, ಕಳೆದ ತಿಂಗಳುಗಳಲ್ಲಿ ಯಾವ ಮೇವು ತಿಂದಿದೆ, ಸ್ಟಿರಾಯ್ಡ್ ಚುಚ್ಚುಮದ್ದು ಬಿದ್ದಿದೆಯೇ ಎಂಬುದನ್ನೆಲ್ಲ ಅದೇ ದಿನ ಬರೆದಿಡಬೇಕು. ಹಸಿರು ಮೇವು ತಿಂದ ಹಸುವಿನ ಅಂಗಾಂಶದಲ್ಲಿ ಕ್ಯಾರೊಟಿನ್ ಮತ್ತು ರೆಟಿನಾಲ್ ಈಗಾಗಲೇ ಸೇರಿರುತ್ತವೆ. ವಿಟಮಿನ್ ಎ ಕುರಿತ ಪ್ರಯೋಗದಲ್ಲಿ ಅದನ್ನು ಕಡೆಗಣಿಸಲಾಗದು.

ಪೂರ್ವಕೋಶಗಳನ್ನು ಬೇರ್ಪಡಿಸುವುದು

ರಕ್ತನಾಳ ಮತ್ತು ನಾರಿನ ಭಾಗಗಳನ್ನು ಬಿಡಿಸಿ, ಕೊಬ್ಬನ್ನು ಒಂದು ಮಿಲಿಮೀಟರಿನಷ್ಟು ಸಣ್ಣದಾಗಿ ಕತ್ತರಿಸಿ, ಪ್ರತಿ ಮಿಲಿಲೀಟರಿಗೆ 1ರಿಂದ 2 ಮಿಲಿಗ್ರಾಂ ಕೊಲಾಜಿನೇಸ್ ಎಂಬ, ಅಂಗಾಂಶವನ್ನು ಸಡಿಲಿಸುವ ಕಿಣ್ವ ಇರುವ ದ್ರಾವಣದಲ್ಲಿ 37 ಡಿಗ್ರಿಯಲ್ಲಿ ಅಲುಗಾಡಿಸುತ್ತ ಸುಮಾರು ಒಂದು ಗಂಟೆ ಇಡಬೇಕು. ಆನಂತರ ಜಾಲರಿಯಲ್ಲಿ ಸೋಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಬಲಿತ ಕೊಬ್ಬಿನ ಕೋಶಗಳು ಮೇಲೆ ತೇಲುತ್ತವೆ, ನಮಗೆ ಬೇಕಾದ ಪೂರ್ವಕೋಶಗಳಿರುವ ಭಾಗ ತಳದಲ್ಲಿ ಕೂರುತ್ತದೆ. ಅದರೊಡನೆ ಬಂದ ಕೆಂಪು ರಕ್ತಕಣಗಳನ್ನು ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಒಡೆದು, ಕೋಶಗಳನ್ನು ತೊಳೆದು, ಶೇ 10 ಸೀರಂ ಇರುವ ಡಿಎಂಇಎಂ ಎಂಬ ಪೋಷಕ ದ್ರವ ಮಾಧ್ಯಮದಲ್ಲಿ ತಟ್ಟೆಗೆ ಹಾಕಿ, ಮರುದಿನ ತಟ್ಟೆಗೆ ಅಂಟದೆ ಉಳಿದವನ್ನು ತೊಳೆದುಬಿಡಬೇಕು. ಮೂರನೆಯ ಮರುಬಿತ್ತನೆಗಿಂತ (ಪ್ಯಾಸೇಜ್) ಮುಂದಕ್ಕೆ ಹೋದ ಕೋಶಗಳಲ್ಲಿ ಕೊಬ್ಬಾಗುವ ಶಕ್ತಿ ಕುಗ್ಗುತ್ತ ಹೋಗುತ್ತದೆ; ಮೊದಲ ಬೆಳೆಯಲ್ಲೇ ಸಾಕಷ್ಟು ಭಾಗವನ್ನು ದ್ರವ ಸಾರಜನಕದಲ್ಲಿ ಕಾಪಿಡುವುದು ಜಾಣತನ.

ಕೋಶಗಳು ತಟ್ಟೆಯನ್ನು ಪೂರ್ತಿ ತುಂಬಿದ ಎರಡು ದಿನಗಳ ಬಳಿಕ ಪ್ರಚೋದಕ ಮಾಧ್ಯಮವನ್ನು ಕೊಡಲಾಗುತ್ತದೆ. ಇದರಲ್ಲಿ ಇನ್ಸುಲಿನ್, 0.25ರಿಂದ 1 ಮೈಕ್ರೊಮೋಲಾರ್ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್, 0.5 ಮಿಲಿಮೋಲಾರ್ ಐಬಿಎಂಎಕ್ಸ್ (ಕೋಶದೊಳಗಿನ ಸೈಕ್ಲಿಕ್ ಎಎಂಪಿ ಎಂಬ ಸಂಕೇತವಸ್ತುವನ್ನು ಏರಿಸುವ ರಾಸಾಯನಿಕ), ಮತ್ತು ದನದ ಕೋಶಗಳಿಗೆ ಬಹುಮಟ್ಟಿಗೆ ಅಗತ್ಯವಾದ ರೋಸಿಗ್ಲಿಟಜೋನಿನಂತಹ ಪಿಪಿಎಆರ್-ಗ್ಯಾಮಾ ಪ್ರಚೋದಕ, 1ರಿಂದ 10 ಮೈಕ್ರೊಮೋಲಾರ್, ಇರುತ್ತವೆ. ಎರಡು ದಿನಗಳಾದ ಮೇಲೆ ಡೆಕ್ಸಾಮೆಥಾಸೋನ್ ಮತ್ತು ಐಬಿಎಂಎಕ್ಸ್ ತೆಗೆದು, ಉಳಿದವನ್ನು ಮುಂದುವರಿಸಿ, ಎರಡು ದಿನಕ್ಕೊಮ್ಮೆ ಮಾಧ್ಯಮ ಬದಲಿಸುತ್ತ ಎಂಟರಿಂದ ಹನ್ನೆರಡು ದಿನ ಬೆಳೆಸಬೇಕು. ಸ್ನಾಯುವಿನೊಳಗಿನ ಪೂರ್ವಕೋಶಗಳು ಚರ್ಮದಡಿಯವುಗಳಿಗಿಂತ ನಿಧಾನವಾಗಿಯೂ ಕಡಿಮೆ ಪ್ರಮಾಣದಲ್ಲಿಯೂ ಕೊಬ್ಬಿನ ಕೋಶಗಳಾಗುತ್ತವೆ. ಇದನ್ನು ತಮ್ಮ ಕೈಯ ದೋಷವೆಂದು ತಿಳಿದು ಹೊಸಬರು ರೋಸಿಗ್ಲಿಟಜೋನಿನ ಪ್ರಮಾಣ ಏರಿಸಿಬಿಡುತ್ತಾರೆ. ಹಾಗೆ ಮಾಡಬಾರದು, ಏಕೆಂದರೆ ಪ್ರಚೋದನೆ ಅತಿಯಾದ ತಟ್ಟೆಯಲ್ಲಿ ವಿಟಮಿನ್ನಿನ ಸೂಕ್ಷ್ಮ ಪರಿಣಾಮ ಮುಚ್ಚಿಹೋಗುತ್ತದೆ. ಪರೀಕ್ಷೆಗೆ ಬೇಕಾದದ್ದು ಏರುವುದಕ್ಕೂ ಇಳಿಯುವುದಕ್ಕೂ ಎಡೆಯಿರುವ ಮಧ್ಯಮ ಪ್ರಚೋದನೆ. ಪ್ರಾಥಮಿಕ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಕೋಶಗಳಲ್ಲಿ ಕೊಬ್ಬಿನ ಹನಿ ಕಾಣುವಂತಹ ಪ್ರಮಾಣವನ್ನು ಹುಡುಕಿ, ಮುಂದೆ ಅದನ್ನೇ ಉಳಿಸಿಕೊಳ್ಳುವುದು ನನ್ನ ಸಲಹೆ.

ವಿಟಮಿನ್‌ಗಳನ್ನು ಪರೀಕ್ಷಿಸುವಾಗ

ವಿಟಮಿನ್ ಎಯ ಸಕ್ರಿಯ ರೂಪ ರೆಟಿನಾಯಿಕ್ ಆಮ್ಲ. ಅದು ಕೋಶಕೇಂದ್ರದೊಳಗಿನ ಆರ್‌ಎಆರ್ ಗ್ರಾಹಕವನ್ನು ಹಿಡಿದು, ಪ್ರಚೋದನೆಯ ಮೊದಲ ದಿನಗಳಲ್ಲಿ ಕೊಟ್ಟರೆ, ಪೂರ್ವಕೋಶವು ಕೊಬ್ಬಿನ ಕೋಶವಾಗುವುದನ್ನು ತಡೆಯುತ್ತದೆ. ಆದರೆ ಪಿಪಿಎಆರ್-ಗ್ಯಾಮಾ ತಾನು ಕೆಲಸ ಮಾಡಬೇಕಾದರೆ ಆರ್‌ಎಕ್ಸ್‌ಆರ್ ಎಂಬ ಜೊತೆಗಾರ ಬೇಕು, ಆ ಆರ್‌ಎಕ್ಸ್‌ಆರನ್ನು 9-ಸಿಸ್ ರೆಟಿನಾಯಿಕ್ ಆಮ್ಲ ಪ್ರಚೋದಿಸಬಲ್ಲದು. ಎಳೆಗರುವಿನಲ್ಲಾದರೋ ವಿಟಮಿನ್ ಎ ಸ್ನಾಯುವಿನಲ್ಲಿ ಹೊಸ ರಕ್ತನಾಳಗಳ ಬೆಳವಣಿಗೆಗೆ ನೆರವಾಗುತ್ತದೆ, ಕೊಬ್ಬಿನ ಪೂರ್ವಕೋಶಗಳು ನೆಲೆಸುವುದು ಆ ರಕ್ತನಾಳಗಳ ಗೋಡೆಯ ಬಳಿಯಲ್ಲೇ. ಹೀಗೆ ಎಳೆಗರುವಿನಲ್ಲಿ ಪೂರ್ವಕೋಶಗಳ ಸಂಖ್ಯೆಯನ್ನು ಹೆಚ್ಚಿಸುವ ವಿಟಮಿನ್ ಬೆಳೆದ ಹೋರಿಯಲ್ಲಿ ಆ ಪೂರ್ವಕೋಶಗಳು ಬಲಿಯುವುದನ್ನು ತಡೆಯುತ್ತದೆ. ವಾಷಿಂಗ್ಟನ್ ಮತ್ತು ಜಪಾನಿನ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಹೀಗೆ.

ಆದ್ದರಿಂದ ರೆಟಿನಾಯಿಕ್ ಆಮ್ಲವನ್ನು ಒಂದೇ ಬಾರಿ ಕೊಟ್ಟು ಕೊನೆಯಲ್ಲಿ ಬಣ್ಣ ಹಾಕಿ ನೋಡುವ ಪ್ರಯೋಗ ಸಾಲದು. ಕೋಶಗಳು ಇನ್ನೂ ವೃದ್ಧಿಯಾಗುತ್ತಿರುವಾಗ, ಪ್ರಚೋದನೆಯ ಮೊದಲ ಎರಡು ದಿನಗಳಲ್ಲಿ, ಮತ್ತು ಕೊಬ್ಬು ತುಂಬಿಕೊಳ್ಳುವ ನಂತರದ ದಿನಗಳಲ್ಲಿ, ಹೀಗೆ ಮೂರು ಅವಧಿಗಳಲ್ಲಿ ಬೇರೆ ಬೇರೆ ತಟ್ಟೆಗಳಿಗೆ ಕೊಡಬೇಕು. ಪ್ರಮಾಣ 1 ನ್ಯಾನೊಮೋಲಾರ್‌ನಿಂದ 1 ಮೈಕ್ರೊಮೋಲಾರ್‌ವರೆಗೆ ಹತ್ತು ಹತ್ತು ಪಟ್ಟು ಏರಲಿ. ರೆಟಿನಾಯ್ಡುಗಳು ಬೆಳಕಿಗೆ ಬಹಳ ಬೇಗ ಕೆಡುವುದರಿಂದ ದ್ರಾವಣ ಮಾಡುವುದರಿಂದ ಹಿಡಿದು ಮಾಧ್ಯಮ ಬದಲಿಸುವವರೆಗೂ ಮಬ್ಬು ಹಳದಿ ಬೆಳಕಿನಲ್ಲೇ ಕೆಲಸ ಮಾಡಿ, ಕಂದು ಟ್ಯೂಬುಗಳಲ್ಲಿ ಶೈತ್ಯೀಕರಿಸಿ ಇಡಬೇಕು. ಸೀರಂನಲ್ಲಿ ರೆಟಿನಾಲ್ ಇದ್ದೇ ಇರುತ್ತದೆ. ಇದ್ದಿಲಿನಿಂದ ಶೋಧಿಸಿದ ಸೀರಂ ಬಳಸದಿದ್ದರೆ ವಿಟಮಿನ್ ಇಲ್ಲದ ಕಂಟ್ರೋಲ್ ಎಂದು ನಾವು ಕರೆಯುವ ತಟ್ಟೆಯಲ್ಲೂ ವಿಟಮಿನ್ ಇರುತ್ತದೆ. ಕರಗಿಸಲು ಬಳಸಿದ ಎಥನಾಲ್ ಅಥವಾ ಡಿಎಂಎಸ್‌ಒ ಎಲ್ಲ ತಟ್ಟೆಗಳಲ್ಲೂ ಒಂದೇ ಪ್ರಮಾಣದಲ್ಲಿ, ಶೇ 0.1 ಮೀರದಂತೆ ಇರಬೇಕು.

ವಿಟಮಿನ್ ಸಿ ದನದ ಪೂರ್ವಕೋಶಗಳು ಬಲಿಯುವುದಕ್ಕೆ ನೆರವಾಗುತ್ತದೆ. ಕೊಲಾಜೆನ್ ಸರಿಯಾಗಿ ಹೆಣೆದುಕೊಳ್ಳಲು ಬೇಕಾದ ಕಿಣ್ವಗಳಿಗೆ ಅದು ಅಗತ್ಯ, ಕೋಶಗಳ ಸುತ್ತಣ ಆ ಹೆಣಿಗೆ ಸರಿಯಾಗಿದ್ದರೆ ಕೊಬ್ಬಾಗುವಿಕೆ ಸುಗಮವಾಗುತ್ತದೆ. ಸಾದಾ ಆಸ್ಕಾರ್ಬಿಕ್ ಆಮ್ಲ ಮಾಧ್ಯಮದಲ್ಲಿ ಕೆಲವೇ ಗಂಟೆಗಳಲ್ಲಿ ಕೆಟ್ಟು, ಹೈಡ್ರೋಜನ್ ಪೆರಾಕ್ಸೈಡನ್ನೂ ಹುಟ್ಟಿಸಬಹುದಾದ್ದರಿಂದ ಆಸ್ಕಾರ್ಬಿಕ್ ಆಮ್ಲದ 2-ಫಾಸ್ಫೇಟ್ ರೂಪವನ್ನು 100 ಮೈಕ್ರೊಮೋಲಾರ್ ಆಸುಪಾಸಿನಲ್ಲಿ ಬಳಸಬೇಕು. ವಿಟಮಿನ್ ಡಿಯ ವಿಷಯದಲ್ಲಿ ಅಂಗಡಿಯಲ್ಲಿ ಸಿಗುವ ಡಿ3ಯನ್ನು ನೇರವಾಗಿ ತಟ್ಟೆಗೆ ಹಾಕಿದರೆ ಅರ್ಥವಾಗುವಂತಹ ಫಲಿತಾಂಶ ಬರುವುದಿಲ್ಲ. ಪ್ರಾಣಿಯಲ್ಲಿ ಅದು ಯಕೃತ್ತು ಮತ್ತು ಮೂತ್ರಪಿಂಡಗಳನ್ನು ದಾಟಿ ಸಕ್ರಿಯವಾಗುತ್ತದೆ, ಆದ್ದರಿಂದ 1,25-ಡೈಹೈಡ್ರಾಕ್ಸಿ ರೂಪವನ್ನೇ 1ರಿಂದ 100 ನ್ಯಾನೊಮೋಲಾರ್ ಪ್ರಮಾಣದಲ್ಲಿ ಕೊಡಬೇಕು. ಇಲಿಯ ಕೋಶಗಳಲ್ಲಿ ಅದನ್ನು ಆರಂಭದಲ್ಲೇ ಕೊಟ್ಟರೆ ಬೆಳವಣಿಗೆ ನಿಲ್ಲುತ್ತದೆ. ಬಿ ಗುಂಪಿನಲ್ಲಿ ನಿಯಾಸಿನ್ ಬಲಿತ ಕೋಶದಿಂದ ಕೊಬ್ಬು ಕರಗಿ ಹೊರಬರುವುದನ್ನು ತಡೆಯುವಂಥದ್ದು, ಬಯೋಟಿನ್ ಕೊಬ್ಬಿನಾಮ್ಲ ಕಟ್ಟುವ ಮೊದಲ ಕಿಣ್ವಕ್ಕೆ ಬೇಕಾದದ್ದು. ಇವನ್ನು ಬಲಿತ ಕೋಶಗಳ ಹಂತದಲ್ಲಿ ಪರೀಕ್ಷಿಸುವುದು ಹೆಚ್ಚು ಸಮಂಜಸ.

ಔಷಧಗಳನ್ನು ಪರೀಕ್ಷಿಸುವಾಗ

ಇಲ್ಲಿನ ಮೊದಲ ತೊಡಕು, ಪ್ರಚೋದಕ ಮಾಧ್ಯಮವೇ ಔಷಧಗಳಿಂದ ಕೂಡಿದೆ ಎಂಬುದು. ಡೆಕ್ಸಾಮೆಥಾಸೋನಿನ ಪರಿಣಾಮ ತಿಳಿಯಬೇಕಾದರೆ ಅದಿಲ್ಲದ ಮಾಧ್ಯಮವನ್ನು ಮೊದಲು ರೂಪಿಸಿಕೊಂಡು, ಅದಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸುತ್ತ ಹೋಗಬೇಕು. ಇನ್ಸುಲಿನ್ ಪ್ರಮಾಣವೂ ತಟ್ಟೆಯಲ್ಲಿ ದನದ ರಕ್ತದಲ್ಲಿರುವುದಕ್ಕಿಂತ ನೂರಾರು ಪಟ್ಟು ಹೆಚ್ಚಿರುತ್ತದೆ ಎಂಬುದನ್ನು ವರದಿಯಲ್ಲಿ ಹೇಳಬೇಕು.

ರಾಕ್ಟೊಪಮಿನ್, ಜಿಲ್ಪಟೆರಾಲ್, ಕ್ಲೆನ್‌ಬ್ಯುಟೆರಾಲ್ ಮುಂತಾದ ಬೀಟಾ-ಅಗೊನಿಸ್ಟ್ (ಕೋಶದ ಬೀಟಾ ಗ್ರಾಹಕಗಳನ್ನು ಪ್ರಚೋದಿಸುವ) ಔಷಧಗಳು ಕೋಶದೊಳಗಿನ ಸೈಕ್ಲಿಕ್ ಎಎಂಪಿಯನ್ನು ಏರಿಸಿ ಕೊಬ್ಬನ್ನು ಕರಗಿಸುತ್ತವೆ, ಹೊಸ ಕೊಬ್ಬು ಕಟ್ಟುವುದನ್ನು ತಗ್ಗಿಸುತ್ತವೆ, ಸ್ನಾಯುವನ್ನು ಬೆಳೆಸುತ್ತವೆ. ಆದರೆ ಪ್ರಚೋದಕ ಮಾಧ್ಯಮದ ಐಬಿಎಂಎಕ್ಸ್ ಕೂಡ ಏರಿಸುವುದು ಅದೇ ಸೈಕ್ಲಿಕ್ ಎಎಂಪಿಯನ್ನು, ಮತ್ತು ಅಲ್ಲಿ ಅದು ಸಿ/ಇಬಿಪಿ-ಬೀಟಾವನ್ನು ಎಚ್ಚರಿಸಿ ಕೊಬ್ಬಿನ ಕೋಶ ಹುಟ್ಟುವುದಕ್ಕೆ ನೆರವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಕೋಶವನ್ನು ಹುಟ್ಟಿಸುವ ಸಂಕೇತವೇ ಹತ್ತನೆಯ ದಿನ ಅದರ ಕೊಬ್ಬನ್ನು ಕರಗಿಸುತ್ತದೆ. ಬೀಟಾ-ಅಗೊನಿಸ್ಟ್ ಪರೀಕ್ಷಿಸುವವರು ಐಬಿಎಂಎಕ್ಸ್ ತೆಗೆದ ಮೇಲೆ, ಕೋಶದಲ್ಲಿ ಹನಿಗಳು ಕಂಡ ಬಳಿಕವೇ ಔಷಧ ಸೇರಿಸಬೇಕು, ಮತ್ತು ಕೊಬ್ಬು ಕರಗಿ ಹೊರಬಂದ ಗ್ಲಿಸರಾಲನ್ನು ಮಾಧ್ಯಮದಲ್ಲಿ ಅಳೆಯಬೇಕು. ಅಮೆರಿಕದಲ್ಲಿ ರಾಕ್ಟೊಪಮಿನ್ ದನಗಳಿಗೆ 2003ರಲ್ಲಿ ಅನುಮತಿ ಪಡೆದು, ವಧೆಗೆ ಮುನ್ನ ಕೊನೆಯ 28ರಿಂದ 42 ದಿನಗಳಲ್ಲಿ ಮಾತ್ರ ಬಳಕೆಯಾಗುತ್ತದೆ. 2006ರಲ್ಲಿ ಅನುಮತಿ ಪಡೆದ ಜಿಲ್ಪಟೆರಾಲನ್ನು, ದನಗಳ ನಡಿಗೆಯಲ್ಲಿ ತೊಂದರೆ ಕಂಡುಬಂದಿತೆಂಬ ದೂರುಗಳ ನಂತರ, ತಯಾರಕರು 2013ರಲ್ಲಿ ಅಮೆರಿಕ ಮತ್ತು ಕೆನಡಾದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡರು. ಯುರೋಪಿಯನ್ ಒಕ್ಕೂಟವು ಬೆಳವಣಿಗೆಗಾಗಿ ಈ ಗುಂಪಿನ ಔಷಧಗಳ ಬಳಕೆಯನ್ನು 1996ರ ನಿರ್ದೇಶನದ ಮೂಲಕ ನಿಷೇಧಿಸಿದೆ. ಕಿವಿಯ ಹಿಂಬದಿಯಲ್ಲಿ ಹುದುಗಿಸುವ ಟ್ರೆನ್‌ಬೊಲೋನ್ ಎಂಬ ಸ್ಟಿರಾಯ್ಡ್ ಹಾರ್ಮೋನಿನ ಗುಳಿಗೆಗಳು ಪೂರ್ವಕೋಶಗಳನ್ನು ಸ್ನಾಯುವಿನ ಕಡೆಗೆ ಒಲಿಸಿ ಸ್ನಾಯುವಿನೊಳಗಿನ ಕೊಬ್ಬನ್ನು ಕಡಿಮೆ ಮಾಡುತ್ತವೆ; ಇವೂ ಯುರೋಪಿನಲ್ಲಿ ನಿಷಿದ್ಧ. ಮೇವಿನಲ್ಲಿ ಬೆರೆಸುವ ಮೊನೆನ್ಸಿನ್ ಮಾತ್ರ ತಟ್ಟೆಯಲ್ಲಿ ಪರೀಕ್ಷಿಸುವ ವಸ್ತುವಲ್ಲ, ಅದರ ಕೆಲಸವೆಲ್ಲ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳ ಮೇಲೆ.

ಅಳತೆ ಮತ್ತು ಎಣಿಕೆ

ಕೊಬ್ಬಿನ ಹನಿಗಳನ್ನು ಕೆಂಪಾಗಿಸುವ ಆಯಿಲ್ ರೆಡ್ ಒ ಬಣ್ಣ ಎಲ್ಲರೂ ಬಳಸುವ ಕ್ರಮ. ಫಾರ್ಮಲಿನ್‌ನಲ್ಲಿ ಕೋಶಗಳನ್ನು ಸ್ಥಿರಗೊಳಿಸಿ, ಶೇ 60 ಐಸೊಪ್ರೊಪನಾಲಿನಲ್ಲಿ ತೊಳೆದು, ಬಣ್ಣ ಹಾಕಿ, ಫೋಟೋ ತೆಗೆದು, ಆನಂತರವೇ ಶುದ್ಧ ಐಸೊಪ್ರೊಪನಾಲಿನಿಂದ ಬಣ್ಣವನ್ನು ಕರಗಿಸಿ 510 ನ್ಯಾನೊಮೀಟರ್ ಸಮೀಪದಲ್ಲಿ ಬೆಳಕಿನ ಹೀರಿಕೆಯನ್ನು ಓದಬೇಕು. ಈ ಒಂದು ಅಂಕಿಯನ್ನೇ ನಂಬಿದರೆ ಮೋಸವಾಗುತ್ತದೆ. ಔಷಧ ಅರ್ಧದಷ್ಟು ಕೋಶಗಳನ್ನು ಕೊಂದರೂ ಬಣ್ಣ ಕಡಿಮೆಯಾಗುತ್ತದೆ, ಕೋಶಗಳೆಲ್ಲ ಬದುಕಿದ್ದು ಕೊಬ್ಬಾಗದಿದ್ದರೂ ಕಡಿಮೆಯಾಗುತ್ತದೆ. ಡಿಎನ್‌ಎ ಪ್ರಮಾಣವನ್ನು ಅದೇ ತಟ್ಟೆಯಲ್ಲಿ ಅಳೆದು ಭಾಗಿಸಬೇಕು, ವಿಷಕಾರಕತೆಗೆ ಪ್ರತ್ಯೇಕ ಪರೀಕ್ಷೆ ನಡೆಸಬೇಕು. ಎನ್‌ಎಡಿಎಚ್ ಇಳಿಯುವುದನ್ನು 340 ನ್ಯಾನೊಮೀಟರಿನಲ್ಲಿ ನೋಡಿ ಕೊಬ್ಬು ಕಟ್ಟಲು ಬೇಕಾದ ಗ್ಲಿಸರಾಲ್-3-ಫಾಸ್ಫೇಟ್ ಡಿಹೈಡ್ರೋಜಿನೇಸ್ ಕಿಣ್ವದ ಚಟುವಟಿಕೆಯನ್ನು ಅಳೆಯುವುದು ಬಣ್ಣಕ್ಕಿಂತ ನಂಬಲರ್ಹ. ಜೀನ್‌ಗಳ ಅಭಿವ್ಯಕ್ತಿಯನ್ನು ನೋಡುವುದಾದರೆ ಎರಡನೆಯ, ಐದನೆಯ, ಹತ್ತನೆಯ ದಿನಗಳ ಮಾದರಿಗಳು ಬೇಕು; ಝಡ್‌ಎಫ್‌ಪಿ423 ಪೂರ್ವಕೋಶದ ಗುರುತು, ಪಿಪಿಎಆರ್-ಗ್ಯಾಮಾ ತಿರುವಿನ ಗುರುತು, ಎಫ್‌ಎಬಿಪಿ4 ಬಲಿತ ಕೋಶದ ಗುರುತು.

ಎಣಿಕೆಯ ಬಗ್ಗೆ ನಾನು ಕಟುವಾಗಿಯೇ ಹೇಳಬೇಕಾಗಿದೆ. ಒಂದು ಹಸುವಿನ ಕೋಶಗಳನ್ನು ತಟ್ಟೆಯ 24 ವೆಲ್‌ಗಳಿಗೆ (ಗುಳಿಗಳಿಗೆ) ಹಂಚಿದರೆ ಪ್ರಯೋಗದ ಘಟಕಗಳು 24 ಆಗುವುದಿಲ್ಲ, ಒಂದೇ ಒಂದು ಆಗುತ್ತದೆ. ವೆಲ್‌ಗಳು ನಮ್ಮ ಕೈಯ ಸ್ಥಿರತೆಯನ್ನು ತೋರಿಸುತ್ತವೆ. ದನಗಳ ನಡುವಿನ ವ್ಯತ್ಯಾಸವನ್ನು ತೋರಿಸುವುದು ದನಗಳು ಮಾತ್ರ. ಐದಾರು ಪ್ರಾಣಿಗಳಿಲ್ಲದೆ ವಿಟಮಿನ್ನಿನಂತಹ ಸೂಕ್ಷ್ಮ ಪರಿಣಾಮದ ಬಗ್ಗೆ ಮಾತನಾಡದಿರುವುದು ಲೇಸು, ಮತ್ತು ವಿಶ್ಲೇಷಣೆಯಲ್ಲಿ ಪ್ರತಿ ಪ್ರಾಣಿಯನ್ನೂ ಒಂದು ಬ್ಲಾಕ್, ಅಂದರೆ ಪ್ರತ್ಯೇಕ ಗುಂಪು, ಆಗಿ ಇಡಬೇಕು.

ತಟ್ಟೆಯಿಂದ ಕೊಟ್ಟಿಗೆಗೆ

ತಟ್ಟೆಯಲ್ಲಿ ಕೆಲಸ ಮಾಡಿದ ವಿಟಮಿನ್ ಸಿಯನ್ನು ಹಿಂಡಿಯಲ್ಲಿ ಬೆರೆಸಿ ಕೊಟ್ಟರೆ ಮೊದಲ ಹೊಟ್ಟೆಯಲ್ಲೇ ನಾಶವಾಗುತ್ತದೆ. ಲೇಪನವಿರುವ ರೂಪ ಬೇಕು. ದನದ ಯಕೃತ್ತು ತಾನೇ ವಿಟಮಿನ್ ಸಿ ತಯಾರಿಸುವುದರಿಂದ ಹೊರಗಿನ ಪೂರೈಕೆಯ ಪರಿಣಾಮ ಪ್ರಾಣಿಯ ಸ್ಥಿತಿಯನ್ನು ಅವಲಂಬಿಸುತ್ತದೆ. ವಿಟಮಿನ್ ಎಯ ಒಂದು ಭಾಗವೂ ಮೊದಲ ಹೊಟ್ಟೆಯಲ್ಲಿ ಕೆಡುತ್ತದೆ, ಧಾನ್ಯ ಹೆಚ್ಚಿದ್ದಷ್ಟೂ ಹೆಚ್ಚು ಕೆಡುತ್ತದೆ. ಉಳಿದದ್ದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸಂಗ್ರಹವಾಗಿರುವುದರಿಂದ ಮೇವು ಬದಲಿಸಿದ ಪರಿಣಾಮ ರಕ್ತದಲ್ಲಿ ತಡವಾಗಿ ಕಾಣುತ್ತದೆ. ಡೆಕ್ಸಾಮೆಥಾಸೋನನ್ನು ಗಬ್ಬದ ಕೊನೆಯ ತಿಂಗಳುಗಳಲ್ಲಿರುವ ಹಸುವಿಗೆ ಕೊಟ್ಟರೆ ಅಕಾಲದಲ್ಲಿ ಕರು ಹಾಕಬಹುದು, ಆದ್ದರಿಂದ ಪ್ರಯೋಗಕ್ಕೆ ಆಯ್ದ ಹಸುಗಳ ಗಬ್ಬದ ತಪಾಸಣೆ ಮೊದಲೇ ಆಗಬೇಕು.

ಜಪಾನಿನ ಕ್ರಮವನ್ನು ಅನುಕರಿಸಬೇಕೆನ್ನುವವರು ಅದರ ಬೆಲೆಯನ್ನೂ ತಿಳಿದಿರಬೇಕು. ಅಲ್ಲಿ ರಕ್ತದ ವಿಟಮಿನ್ ಎ ಪ್ರತಿ ಡೆಸಿಲೀಟರಿಗೆ 30 ಐಯು, ಅಂದರೆ ಸುಮಾರು 9 ಮೈಕ್ರೊಗ್ರಾಂ, ಗಿಂತ ಕೆಳಗಿಳಿಯದಂತೆ ಆಗಾಗ ಪರೀಕ್ಷಿಸುತ್ತಾರೆ. ಇಳಿದರೆ ಮೇವು ಬಿಡುವುದು, ಕಾಲು ಬಾತುಕೊಳ್ಳುವುದು, ಇರುಳುಗುರುಡು, ಕೊನೆಗೆ ಪೂರ್ಣ ಕುರುಡು ಬರುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ ಒಣ ರಾಗಿ ಹುಲ್ಲು, ಭತ್ತದ ಹುಲ್ಲನ್ನೇ ನೆಚ್ಚಿಕೊಂಡ ದನಗಳಿಗೆ ಕ್ಯಾರೊಟಿನ್ ಸಿಗುವುದೇ ಕಡಿಮೆ, ಅಂತಹ ಹಸುಗಳ ಕರುಗಳು ಕುರುಡಾಗಿಯೋ ಬಲಹೀನವಾಗಿಯೋ ಹುಟ್ಟುವುದುಂಟು. ಹಾಲಿಗಾಗಿ ಸಾಕುವ ನಮ್ಮ ದನಗಳಲ್ಲಿ ವಿಟಮಿನ್ ಎಯನ್ನು ಕಡಿತಗೊಳಿಸುವ ಯಾವ ಪ್ರಯೋಗಕ್ಕೂ ನಾನು ಒಪ್ಪಿಗೆ ಸೂಚಿಸುವುದಿಲ್ಲ. ಪೂರೈಸುವ ಪ್ರಯೋಗ ಮಾಡುವುದಕ್ಕೆ ಎಡೆ ಧಾರಾಳವಾಗಿದೆ.

ಅಂತಹ ಪ್ರಯೋಗವನ್ನು ಯೋಜಿಸುವಾಗ ಗಿಣ್ಣುಹಾಲಿನ ಲೆಕ್ಕ ಮುಖ್ಯ. ತಾಯಿಯ ಗರ್ಭದಿಂದ ಕರುವಿಗೆ ದಾಟುವ ವಿಟಮಿನ್ ಎ ಅತ್ಯಲ್ಪ, ಹುಟ್ಟಿದ ಮೇಲೆ ಅದಕ್ಕೆ ದೊರೆಯುವುದು ಗಿಣ್ಣುಹಾಲಿನಿಂದ. ಯಾವ ಕರು ಎಷ್ಟು ಗಿಣ್ಣು, ಹುಟ್ಟಿದ ಎಷ್ಟು ಹೊತ್ತಿಗೆ ಕುಡಿಯಿತೆಂಬುದನ್ನು ಬರೆದಿಡದೆ ಚುಚ್ಚುಮದ್ದು ಕೊಟ್ಟ ಮತ್ತು ಕೊಡದ ಕರುಗಳನ್ನು ಹೋಲಿಸಲು ಬರುವುದಿಲ್ಲ. ಚುಚ್ಚುಮದ್ದಿಗೆ ಮುನ್ನ, ಒಂದು ತಿಂಗಳಿಗೆ, ಆರು ತಿಂಗಳಿಗೆ ರಕ್ತ ತೆಗೆದು, ಟ್ಯೂಬನ್ನು ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ, ಸೀರಂ ಬೇರ್ಪಡಿಸಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಕರುಗಳು ಬೆಳೆದ ಮೇಲೆ 12 ಮತ್ತು 13ನೆಯ ಪಕ್ಕೆಲುಬುಗಳ ನಡುವೆ ಅಲ್ಟ್ರಾಸೌಂಡ್ ಹಿಡಿದರೆ ಬೆನ್ನಿನ ಸ್ನಾಯುವಿನೊಳಗಿನ ಕೊಬ್ಬನ್ನೂ ಅದರ ಮೇಲಿನ ಚರ್ಮದಡಿಯ ಕೊಬ್ಬಿನ ದಪ್ಪವನ್ನೂ ಪ್ರಾಣಿಗೆ ನೋವಾಗದಂತೆ ಅಳೆಯಬಹುದು, ಮತ್ತು ಈ ಎರಡು ಅಳತೆಗಳನ್ನು ಒಟ್ಟುಗೂಡಿಸದೆ ಪ್ರತ್ಯೇಕವಾಗಿಯೇ ವರದಿ ಮಾಡಬೇಕು.